ಎರಡನೇ ಸಹಿ

ಥಪ್. ಸ್ವಲ್ಪ ಬಿಟ್ಟು ಇನ್ನೊಂದು, ಥಪ್.

ಒದ್ದೆ ಮರಳಿನ ಮೇಲೆ ಬಿದ್ದ ಫುಟ್‌ಬಾಲಿನ ಸದ್ದು ಅದು. ಹುಲ್ಲಿನ ಮೇಲಾದರೆ ಚೆಂಡು ಪುಟಿಯುತ್ತದೆ, ಮುರಕಲ್ಲಿನ ಒರಟು ಮೈದಾನದಲ್ಲಾದರೆ ಕೆರೆದುಕೊಂಡು ಓಡುತ್ತದೆ. ಒದ್ದೆ ಮರಳು ಮಾತ್ರ ಅದನ್ನು ಬಿದ್ದಲ್ಲೇ ಕೂರಿಸಿಬಿಡುತ್ತದೆ. ಮತ್ತೆ ಎಬ್ಬಿಸಬೇಕಾದರೆ ಒದೆಯಲೇಬೇಕು, ಮುದ್ದು ಮಾಡಿದರೆ ಸಾಲದು.

ಆ ಸಂಜೆ ನಾನು ಕಾಪುವಿನ ಕಡಲತೀರದಲ್ಲಿ, ತಂಗಿಯ ಕಾರಿನ ಬಾಗಿಲು ತೆರೆದಿಟ್ಟು, ಎರಡೂ ಕಾಲು ಹೊರಗೆ ಹಾಕಿ ಕುಳಿತಿದ್ದೆ. ಮಣಿಪಾಲದಲ್ಲಿ ಎಡಗಣ್ಣಿನ ಪೊರೆ ತೆಗೆಸಿ ನಾಲ್ಕು ದಿನವಾಗಿತ್ತು. ಆ ಕಣ್ಣಿಗೆ ಮುಚ್ಚಳ, ಇನ್ನೊಂದು ಕಣ್ಣಿಗೆ ಅದರದೇ ಪೊರೆ, ಎರಡರ ಮೇಲೂ ಕಪ್ಪು ಕನ್ನಡಕ. ತಂಗಿ ಕೈರಂಪಣಿ ಬಲೆ ಎಳೆಯುವವರ ಹತ್ತಿರ ಹಸಿ ಬೂತಾಯಿ ಮೀನು ತರಲಿಕ್ಕೆ ಇಳಿದಿದ್ದಳು. ನನಗೆ ಕಾಣುತ್ತಿದ್ದದ್ದು ಒಂದು ಬೂದು ಬೆಳಕು. ದೀಪಸ್ತಂಭ ಇದ್ದ ಕಡೆ ಆ ಬೂದು ಸ್ವಲ್ಪ ದಪ್ಪ. ನೋಡಲಿಕ್ಕೆ ಏನೂ ಇಲ್ಲದ್ದರಿಂದ ಕೇಳುತ್ತಾ ಕುಳಿತೆ.

ಐದಾರು ಜನ ಆಡುತ್ತಿದ್ದರು. ಹೆಚ್ಚಿನವರ ಒದೆತದಲ್ಲಿ ಒಂದು ಸಲ ಗಟ್ಟಿ ಸದ್ದು, ಇನ್ನೊಂದು ಸಲ ಸಡಿಲ ಸದ್ದು. ಬಲಗಾಲು ಯಜಮಾನ, ಎಡಗಾಲು ಕೂಲಿಯಾಳು. ಹೆಚ್ಚಿನ ಆಟಗಾರರ ಹಣೆಬರಹವೇ ಅದು. ಒಬ್ಬರ ಒದೆತ ಮಾತ್ರ ಯಾವ ಬದಿಯಿಂದ ಬಂದರೂ ಒಂದೇ ತೂಕದ್ದಾಗಿತ್ತು. ನಾನು ಬೆರಳು ಮಡಚಿ ಮಡಚಿ ಎಣಿಸಿದೆ. ತಪ್ಪಲಿಲ್ಲ.

ತಂಗಿ ಮೀನಿನ ಚೀಲ ಹಿಡಿದು ಬಂದಳು.

“ಅಲ್ಲಿ ಆಡುವುದು ಯಾರು?”

“ಹುಡುಗರು ಬಾಯ್, ಮತ್ತೆ ಯಾರು?” ನಮ್ಮ ಕೊಂಕಣಿಯಲ್ಲಿ ಅಕ್ಕನಿಗೆ ಬಾಯ್ ಎನ್ನುತ್ತೇವೆ.

“ಈಗ ಹೊಡೆದದ್ದು ಯಾರು? ಈಗ... ಇಗೋ, ಈಗ?”

ಅವಳು ಸ್ವಲ್ಪ ಹೊತ್ತು ನೋಡಿರಬೇಕು. “ಓ ದೇವಾ, ಅದು ಹುಡುಗಿ. ಚೂಡಿದಾರದ ಪ್ಯಾಂಟು ಮೊಣಕಾಲಿಗೆ ಮಡಚಿದ್ದಾಳೆ.”

“ಕರಿ ಅವಳನ್ನು.”

“ಮೀನು ಹಾಳಾಗುತ್ತದೆ ಬಾಯ್, ಐಸ್ ಹಾಕಿಸಿಲ್ಲ.”

“ಮೀನು ಸತ್ತಾಗಿದೆ, ಅದಕ್ಕೆ ಇನ್ನು ಎಂತ ಅರ್ಜೆಂಟ್? ಕರಿ.”

ನಾನು ಒಬ್ಬ ಆಟಗಾರ್ತಿಯನ್ನು ಆರಿಸಿದ್ದು ಹೀಗೆ, ಕಣ್ಣು ಕಟ್ಟಿಸಿಕೊಂಡು. ನಮ್ಮ ಕೋಚ್ ಆಮೇಲೆ ಇದನ್ನು ಹತ್ತು ಜನರ ಮುಂದೆ ಹೇಳಿ ನಗಿಸಿದರು. ನಗಲಿ. ಎರಡೂ ಕಣ್ಣು ಚೆನ್ನಾಗಿದ್ದು ಲ್ಯಾಪ್‌ಟಾಪ್ ಇಟ್ಟುಕೊಂಡವರು ನೋಡದೆ ಬಿಟ್ಟದ್ದನ್ನು ನಾನು ಕೇಳಿಸಿಕೊಂಡೆ. ಅದಕ್ಕೆ ನನಗೆ ಈಗಲೂ ನಾಚಿಕೆ ಇಲ್ಲ.

ನನ್ನ ವಿಷಯ ಸ್ವಲ್ಪ ಹೇಳಬೇಕು. ವಯಸ್ಸು ಎಪ್ಪತ್ಮೂರು. ಉಡುಪಿಯಲ್ಲಿ ತಂಗಿಯ ಜೊತೆ ಇದ್ದೇನೆ. ಕಾರ್ಕಳದ ಒಂದು ಕಾನ್ವೆಂಟ್ ಶಾಲೆಯಲ್ಲಿ ಮೂವತ್ತೆರಡು ವರ್ಷ ಪಿ.ಟಿ. ಟೀಚರ್ ಆಗಿದ್ದೆ. ಕಲಿತದ್ದೂ ಕಾನ್ವೆಂಟಿನಲ್ಲೇ. ಆದ್ದರಿಂದ ನನಗೆ ಪ್ರಾರ್ಥನೆ ಕೊಂಕಣಿಯಲ್ಲಿ, ಮೀನಿನ ಚೌಕಾಶಿ ತುಳುವಿನಲ್ಲಿ, ಸಿಟ್ಟು ಇಂಗ್ಲಿಷಿನಲ್ಲಿ ಬರುತ್ತದೆ. ನಾವು ಹುಡುಗಿಯರಾಗಿದ್ದಾಗ ಥ್ರೋಬಾಲ್ ಇತ್ತು, ಸ್ಕಿಪ್ಪಿಂಗ್ ಇತ್ತು, ಡ್ರಿಲ್ ಇತ್ತು. “ಫುಟ್‌ಬಾಲ್ ಈಸ್ ನಾಟ್ ಫಾರ್ ಯಂಗ್ ಲೇಡೀಸ್” ಎನ್ನುತ್ತಿದ್ದರು ನಮ್ಮ ಸಿಸ್ಟರ್. ಅವರು ಊಟವಾಗಿ ಕಣ್ಣು ಮುಚ್ಚಿದ ಅರ್ಧ ಗಂಟೆಯಲ್ಲಿ ಯಂಗ್ ಲೇಡೀಸ್ ಚಾಪೆಲಿನ ಹಿಂದೆ ಥ್ರೋಬಾಲನ್ನೇ ಒದೆಯುತ್ತಿದ್ದೆವು. ಆ ಗೋಡೆಯ ಸುಣ್ಣದ ಮೇಲೆ ಬಿದ್ದ ಚೆಂಡಿನ ಗುರುತುಗಳನ್ನು ಸಿಸ್ಟರ್ ಮಳೆಯ ಕಲೆ ಎಂದು ನಂಬಿದ್ದರು. ಅಥವಾ ನಂಬಿದಂತೆ ಮಾಡಿದರೋ ಏನೋ.

ಈಗ ಕಾಲ ಬೇರೆ. ನಮ್ಮ ಜಿಲ್ಲೆಯಲ್ಲೇ ಹುಡುಗಿಯರಿಗೆ ಒಂದು ಫುಟ್‌ಬಾಲ್ ಲೀಗ್ ಉಂಟು. ಆರು ತಂಡ, ತಂಡಕ್ಕೆ ಹತ್ತು ಮಂದಿ, ಒಳಗೆ ಆಡುವುದು ಏಳು. ಪಂದ್ಯಗಳೆಲ್ಲ ಮಣಿಪಾಲದ ಒಂದು ಟರ್ಫಿನಲ್ಲಿ, ಆ ಹಸಿರು ಪ್ಲಾಸ್ಟಿಕ್ ಹುಲ್ಲಿನ ಮೇಲೆ. ನಮ್ಮ ಕಡೆ ಅಂಡರ್‌ಆರ್ಮ್ ಕ್ರಿಕೆಟಿಗೆ ಮಾಡುವ ಹಾಗೆ ಇಲ್ಲಿ ಹರಾಜು ಇಲ್ಲ. ಡ್ರಾಫ್ಟ್. ಹೆಸರು ಕೊಟ್ಟ ಹುಡುಗಿಯರಿಗೆಲ್ಲ ಒಂದೊಂದು ನಂಬರ್. ತಂಡಗಳು ಸರದಿಯಲ್ಲಿ ಒಬ್ಬೊಬ್ಬರನ್ನೇ ಕರೆದುಕೊಳ್ಳುತ್ತಾ ಹೋಗುತ್ತವೆ. ಒಂದು ಸುತ್ತಿನಲ್ಲಿ ಮೊದಲು ಕರೆದವರು ಮುಂದಿನ ಸುತ್ತಿನಲ್ಲಿ ಕೊನೆಗೆ. ಹತ್ತು ಸುತ್ತು ಮುಗಿದಾಗ ಅರುವತ್ತು ಹುಡುಗಿಯರು ಒಳಗೆ, ಉಳಿದವರು ಬಸ್ ಹತ್ತಿ ಮನೆಗೆ.

ಪ್ರತಿ ತಂಡಕ್ಕೆ ಒಬ್ಬ ಕೋಚ್, ಒಬ್ಬ ಸ್ಕೌಟ್. ಸ್ಕೌಟ್ ಎಂದರೆ ಊರೂರು ತಿರುಗಿ ಆಟ ನೋಡಿ, ಇಂಥವಳು ಬೇಕು, ಇಂಥವಳು ಬೇಡ ಎಂದು ಬರೆದು ಕೊಡುವವರು. ತಂಡ ಕರೆಯುವ ಪ್ರತಿ ಹುಡುಗಿಯ ಚೀಟಿಗೆ ಇಬ್ಬರೂ ಸಹಿ ಹಾಕಬೇಕು. ಇದು ಎರಡನೇ ವರ್ಷದಿಂದ ಬಂದ ನಿಯಮ. ಮೊದಲ ವರ್ಷ ಒಬ್ಬ ಕೋಚ್ ತಾನೇ ಕರೆದ ಹುಡುಗಿಯನ್ನು ಪಂದ್ಯ ಸೋತ ಮೇಲೆ “ನಾನು ಕರೆದದ್ದೇ ಅಲ್ಲ, ಸ್ಕೌಟ್ ಬರೆದದ್ದು” ಎಂದುಬಿಟ್ಟರಂತೆ. ಹಾಗಾಗಿ ಎರಡು ಸಹಿ.

ನನ್ನನ್ನು ಸ್ಕೌಟ್ ಮಾಡಿದ್ದು ಆ ಎರಡನೇ ಸಹಿಗಾಗಿ. ಆಯ್ಕೆಯಲ್ಲಿ ಒಬ್ಬ ಹೆಂಗಸು ಇರಬೇಕು ಎಂದು ಸಂಘಟಕರು ಹೇಳಿದ್ದರು. ನಮ್ಮ ಕೋಚ್ ಮನೆಗೆ ಬಂದು, ಸೋಫಾದ ತುದಿಯಲ್ಲಿ ಕುಳಿತು, “ಟೀಚರ್, ನಿಮಗೆ ತೊಂದರೆ ಏನೂ ಇಲ್ಲ. ಟ್ರಯಲ್ಸಿಗೆ ಬನ್ನಿ, ನೆರಳಲ್ಲಿ ಕೂತ್ಕೊಳ್ಳಿ, ನಾನು ಹೇಳಿದಲ್ಲಿ ಒಂದು ಸೈನ್ ಹಾಕಿ, ಸಾಕು” ಎಂದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಬಾರದು. ಐವತ್ತರ ಹತ್ತಿರ ವಯಸ್ಸು, ಕೋಚಿಂಗ್ ಲೈಸೆನ್ಸ್ ಉಂಟು, ಬೆಳಗ್ಗೆ ಐದೂವರೆಗೆ ಟರ್ಫಿನಲ್ಲಿ ಇರುತ್ತಾರೆ. ಹುಡುಗಿಯರ ಜೊತೆ ಒಂದು ಅಡ್ಡ ಮಾತು ಆಡಿದವರಲ್ಲ. ಅವರ ತಪ್ಪು ಒಂದೇ. ಕಾಗದದ ಮೇಲೆ ಬಾರದ್ದು ಜಗತ್ತಿನಲ್ಲೇ ಇಲ್ಲ ಎಂದು ಅವರು ನಂಬಿದ್ದರು. ಹಾಗೆಂದು ಕಾಗದದಲ್ಲಿ ಬರೆಯದ ಒಂದು ಗುಟ್ಟಿನ ಲೆಕ್ಕ ಅವರ ಬಳಿಯೂ ಇತ್ತು, ಅದನ್ನು ಮಾತ್ರ ಹೇಳುತ್ತಿರಲಿಲ್ಲ.

ಕಾಗದದಲ್ಲಿ ಇದ್ದದ್ದು: ಎತ್ತರ, ಓಟದ ಸೆಕೆಂಡು, ಪಾಸಿಂಗ್, ಫಸ್ಟ್ ಟಚ್. ಫಸ್ಟ್ ಟಚ್ ಎಂದರೆ ತನ್ನ ಕಡೆ ಬಂದ ಚೆಂಡನ್ನು ಮೊದಲ ಮುಟ್ಟಿಗೇ ಹತೋಟಿಗೆ ತರುವುದು. ಪ್ರತಿಯೊಂದಕ್ಕೂ ಹತ್ತರಲ್ಲಿ ಮಾರ್ಕು. ಕಾಗದದಲ್ಲಿ ಇಲ್ಲದ್ದು ಟ್ರಯಲ್ಸ್ ಮುಗಿದ ಮೇಲೆ, ಕ್ಯಾಂಟೀನಿನಲ್ಲಿ ಗೋಳಿಬಜೆಯ ಜೊತೆ ಬರುತ್ತಿತ್ತು. ಯಾರ ಮಗಳು? ಯಾವ ಕಾಲೇಜು? ಪ್ರ್ಯಾಕ್ಟೀಸಿಗೆ ಕಾರಿನಲ್ಲಿ ಬಿಡುವವರು ಇದ್ದಾರೋ? “ಆ ಹುಡುಗಿ ಒಳ್ಳೆಯವಳೇ, ಆದರೆ ಎರಡು ಬಸ್ ಬದಲಿಸಬೇಕು ಮಾರಾಯ್ರೆ” ಎಂದರೆ ಮುಗಿಯಿತು, ಹೆಸರಿನ ಮೇಲೆ ಗೆರೆ. ಆರು ತಂಡದ ಕೋಚುಗಳೂ ಒಂದೇ ಕ್ಯಾಂಟೀನಿನಲ್ಲಿ ಆರು ಮೂಲೆಯಲ್ಲಿ ಕುಳಿತು ಒಬ್ಬರ ಮುಖ ಒಬ್ಬರು ಓದುತ್ತಿದ್ದರು. ಬೇಕಾದವಳ ಕಡೆ ನೋಡಬಾರದು, ಬೇಡವಾದವಳಿಗೆ ಜೋರಾಗಿ ಚಪ್ಪಾಳೆ ತಟ್ಟಬೇಕು. ಇದು ಸ್ಕೌಟುಗಳ ಮೊದಲ ಪಾಠ. ಬಾಯಿ ಬಿಡಬಾರದು.

ಕಾಪುವಿನ ಹುಡುಗಿಯನ್ನು ಟ್ರಯಲ್ಸಿಗೆ ಬರಲಿಕ್ಕೆ ನಾನೇ ಹೇಳಿದ್ದೆ. ಇಪ್ಪತ್ತಮೂರು ವರ್ಷ. ಲೀಗಿಗೆ ಅದೇ ಕೊನೆಯ ವಯಸ್ಸು; ಈ ಸಲ ತಪ್ಪಿದರೆ ಇನ್ನಿಲ್ಲ. ಪೇಟೆಯ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ. ಅಣ್ಣಂದಿರು ಬಲೆ ಎಳೆಯುವವರು, ಆಟ ಕಲಿತದ್ದು ಅವರ ಜೊತೆ, ಮರಳಿನಲ್ಲಿ, ಬರಿಗಾಲಿನಲ್ಲಿ. ಟರ್ಫಿನ ಮೇಲೆ ಅವಳು ಕಾಲಿಟ್ಟದ್ದು ಟ್ರಯಲ್ಸಿನ ದಿನವೇ. ನಂಬರ್ ನಲವತ್ತೊಂದು, ಕಾಲಿಗೆ ಅತ್ತಿಗೆಯ ತಮ್ಮನ ಬೂಟು.

ಏನಾಯಿತೆಂದರೆ, ಅವಳ ಕಡೆ ಬಂದ ಪ್ರತಿ ಚೆಂಡೂ ಅವಳ ಕಾಲಿಗೆ ತಾಗಿ ಎರಡು ಮಾರು ಆಚೆ ಓಡಿತು. ಒಂದು ಬಲೆಯ ಬೇಲಿಗೇ ಹೋಗಿ ಹೊಡೆಯಿತು. ಪಾಸ್ ಕೊಟ್ಟರೆ ಎದುರಿನ ಹುಡುಗಿ ತಪ್ಪಿಸಿಕೊಳ್ಳಬೇಕು, ಅಷ್ಟು ಜೋರು. ಬೇಲಿಯ ಆಚೆ ಯಾರೋ, “ಇದು ಫುಟ್‌ಬಾಲಾ, ಕಲ್ಲು ಒಡೆಯುವುದಾ?” ಎಂದರು. ನಮ್ಮ ಕೋಚ್ ಫಸ್ಟ್ ಟಚ್ ಕಾಲಮಿನಲ್ಲಿ ಎರಡು ಎಂದು ಬರೆದು, ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಪೂರ್ ಎಂದು ಸೇರಿಸಿದರು.

“ಸರ್, ಅದು ಮರಳಿನ ಕಾಲು. ಮರಳಿನಲ್ಲಿ ಚೆಂಡು ತಾನಾಗಿ ನಿಲ್ಲುತ್ತದೆ, ನಿಲ್ಲಿಸಲಿಕ್ಕೆ ಅವಳು ಕಲಿಯುವ ಅಗತ್ಯವೇ ಬರಲಿಲ್ಲ. ಅದೊಂದು ಕಲಿಸಿದರೆ ಆಯಿತು. ಎರಡೂ ಕಾಲಿನಲ್ಲಿ ಒಂದೇ ಶಕ್ತಿ ಉಂಟಲ್ಲ, ಅದನ್ನು ನೀವು ಕಲಿಸಲಿಕ್ಕಾಗುತ್ತದಾ?”

“ಟೀಚರ್, ನಾವು ಬೀಚಿನಲ್ಲಿ ಮ್ಯಾಚ್ ಆಡುವುದಿಲ್ಲ, ಅಲ್ವಾ?” ಎಂದು ಅವರು ನಕ್ಕರು. ಸಿಟ್ಟಿಲ್ಲದ ನಗು. ಅದೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು.

ಹುಡುಗಿ ಬೇಲಿಯ ಹೊರಗೆ ಕುಳಿತು ಬೂಟಿನ ಲೇಸು ಬಿಚ್ಚುತ್ತಿದ್ದಳು. ಅತ್ತಿರಲಿಲ್ಲ. ಬೂಟಿಗೇ ಬೈಯುತ್ತಿದ್ದಳು.

“ಬಾಲ್ ನನ್ನ ಮಾತು ಕೇಳುವುದಿಲ್ಲ ಟೀಚರ್. ಊರಿನಲ್ಲಿ ಹೊಡೆದರೆ ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಇಲ್ಲಿ ಸುಮ್ಮನೆ ಕಾಲಿಟ್ಟರೂ ಓಡ್ತದೆ, ಯಾರೋ ಬೆನ್ನಟ್ಟಿದ ಹಾಗೆ.”

“ಮೂರು ಮಧ್ಯಾಹ್ನ ರಜೆ ಸಿಗುತ್ತದಾ?”

“ಮೂರಾ? ಧಣಿ ಕೊಡ್ಲಿಕ್ಕಿಲ್ಲ. ಜ್ವರ ಅಂತ ಹೇಳ್ತೇನೆ.”

“ಮೆಡಿಕಲ್ ಶಾಪಿನಲ್ಲಿ ಜ್ವರ ಅಂದರೆ ಮಾತ್ರೆ ಕೊಡುತ್ತಾರೆ. ಬೇರೆ ಏನಾದರೂ ಹೇಳು.”

ಆಗ ನಕ್ಕಳು. ಒಂದು ಹಲ್ಲು ಸ್ವಲ್ಪ ಮುರಿದಿತ್ತು, ಆಡುವಾಗ ಅಣ್ಣನ ಮೊಣಕೈ ತಾಗಿದ್ದಂತೆ.

ಇಲ್ಲಿ ನಾನು ಕಾರ್ಕಳದ ಒಂದು ಸಂಗತಿ ಹೇಳದೆ ಮುಂದೆ ಹೋದರೆ ಅಪ್ರಾಮಾಣಿಕತೆಯಾಗುತ್ತದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮ್ಮ ಶಾಲೆಯಲ್ಲಿ ಒಂದು ರೂಲ್ ಇತ್ತು: ನೋ ಕ್ಯಾನ್ವಾಸ್, ನೋ ಪ್ಲೇ. ಬಿಳಿ ಕ್ಯಾನ್ವಾಸ್ ಶೂ ಇಲ್ಲದವರು ಇಂಟರ್‌ಸ್ಕೂಲ್ ತಂಡಕ್ಕೆ ಇಲ್ಲ. ಕಲ್ಲುಕೋರೆಯ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗಿ ಬರಿಗಾಲಿನಲ್ಲಿ ಓಡಿದರೆ ಅವಳ ಹಿಂದೆ ಧೂಳು ಏಳುವುದಕ್ಕೂ ಸಮಯ ಸಿಗುತ್ತಿರಲಿಲ್ಲ. ನಾನು ಅವಳ ಹೆಸರು ಬರೆದೆ, ಆಮೇಲೆ ರೂಲ್ ನೆನಪಾಗಿ ನಾನೇ ಶಾಯಿಯಲ್ಲಿ ಹೊಡೆದುಹಾಕಿದೆ. ನನ್ನ ಬಳಿ ಎರಡು ಜೊತೆ ಕ್ಯಾನ್ವಾಸ್ ಇತ್ತು. ಕೊಡಬಹುದು ಎಂದು ಹೊಳೆಯಲೂ ಇಲ್ಲ, ಅಷ್ಟು ಒಬೀಡಿಯೆಂಟ್ ಆಗಿ ಬೆಳೆಸಿದ್ದರು ನಮ್ಮನ್ನು. ಅವಳು ಮುಂದಿನ ವರ್ಷ ಶಾಲೆಗೆ ಬರಲಿಲ್ಲ. ಓಟಕ್ಕೂ ಅದಕ್ಕೂ ಸಂಬಂಧ ಇಲ್ಲದಿರಬಹುದು. ಇರಲೂಬಹುದು. ರಿಟೈರ್ ಆಗುವ ದಿನ ಭಾಷಣದಲ್ಲಿ ನನ್ನ ಡಿಸಿಪ್ಲಿನ್ ಬಗ್ಗೆ ಎಲ್ಲರೂ ಹೊಗಳಿದರು. ನನಗೆ ಆ ಶಾಯಿಯ ಗೆರೆ ಕಾಣಿಸುತ್ತಿತ್ತು.

ಆದ್ದರಿಂದ ಆದಿ ಉಡುಪಿ.

ಅಲ್ಲಿಯ ಮಾರ್ಕೆಟ್ ಯಾರ್ಡಿನಲ್ಲಿ ಸಂತೆ ಇಲ್ಲದ ದಿನ ದೊಡ್ಡ ತಗಡಿನ ಮಾಡಿನ ಕೆಳಗೆ ಉದ್ದಕ್ಕೂ ಸಿಮೆಂಟ್ ನೆಲ ಖಾಲಿ ಬಿದ್ದಿರುತ್ತದೆ. ಟರ್ಫಿಗಿಂತ ಎರಡು ಪಾಲು ಜಾರುವ ನೆಲ. ಇಲ್ಲಿ ನಿಂತ ಚೆಂಡು ಎಲ್ಲಿಯೂ ನಿಲ್ಲುತ್ತದೆ ಎಂಬುದು ನನ್ನ ಲೆಕ್ಕ. ತಂಗಿ ಕಾರಿನಲ್ಲಿ ಬಿಟ್ಟಳು, ನಾನು ಮಡಚುವ ಕುರ್ಚಿ ಹಾಕಿ ಕುಳಿತೆ. ವಾಚ್‌ಮನ್ ಬಂದು, “ಎಂತ ಬಾಯಮ್ಮ, ಇವತ್ತು ಸಂತೆ ಇಲ್ಲ. ಅದು ಎಂತ, ಕುಂಬಳಕಾಯಿಯಾ?” ಎಂದು ಚೆಂಡಿನ ಕಡೆ ಕೈ ತೋರಿಸಿದ. ಅವನೇ ಆಮೇಲೆ ಚೆಂಡು ಹೆಕ್ಕಿ ಕೊಡುವವನಾದ.

ಅಲ್ಲಿ ಬಿದ್ದಿದ್ದ ಒಂದು ಹಳೆಯ ಗೋಣಿಚೀಲವನ್ನು ಮಡಚಿ ಕಾಪುವಿನ ಹುಡುಗಿಯ ಪಾದದ ಹತ್ತಿರ ಇಟ್ಟೆ. “ಚೆಂಡು ಗೋಣಿಗೆ ಬಿದ್ದಾಗ ಏನಾಗುತ್ತದೆ ನೋಡು. ಗೋಣಿ ಎದುರು ಹೋಗುವುದಿಲ್ಲ, ಸ್ವಲ್ಪ ಹಿಂದೆ ಸರಿಯುತ್ತದೆ. ನಿನ್ನ ಕಾಲೂ ಹಾಗೆ ಬರಬೇಕು.”

“ಬಲೆಯ ಹಗ್ಗದ ಹಾಗೆ,” ಎಂದಳು ಅವಳು. “ತೆರೆ ಎಳೆದಾಗ ಸ್ವಲ್ಪ ಬಿಟ್ಟುಕೊಡಬೇಕು. ಇಲ್ಲದಿದ್ದರೆ ಕೈ ಸುಲಿದು ಹೋಗ್ತದೆ.”

ಅದನ್ನು ಮೊದಲೇ ಹೇಳಿದ್ದರೆ ಗೋಣಿ ಬೇಕಾಗುತ್ತಿರಲಿಲ್ಲ. ಮೊದಲ ದಿನ ಚೆಂಡು ಕಂಬದಿಂದ ಕಂಬಕ್ಕೆ ಓಡಾಡಿತು. ಎರಡನೇ ದಿನ ಎರಡು ಹೆಜ್ಜೆ ಆಚೆ ನಿಂತಿತು. ಮೂರನೇ ದಿನ ಸಂಜೆಯ ಹೊತ್ತಿಗೆ ನಾನು ಕಣ್ಣು ಮುಚ್ಚಿಕೊಂಡು ಕೇಳಿದೆ. ವಾಚ್‌ಮನ್ ಎಸೆದ, ಚೆಂಡು ಉರುಳಿ ಬರುವ ಸರಸರ ಕೇಳಿಸಿತು, ಆಮೇಲೆ ಏನೂ ಕೇಳಿಸಲಿಲ್ಲ. ಕಣ್ಣು ಬಿಟ್ಟರೆ ಚೆಂಡು ಅವಳ ಕಾಲ ಬುಡದಲ್ಲಿತ್ತು.

ಕೋಚಿಗೆ ಫೋನ್ ಮಾಡಿದೆ. ಒಂದೇ ಒಂದು ಸಲ ಬಂದು ನೋಡಿ ಎಂದೆ. “ಟ್ರಯಲ್ಸ್ ಮುಗಿದಿದೆ ಟೀಚರ್. ಶೀಟ್ ಫೈನಲ್ ಆಗಿದೆ. ಒಬ್ಬರಿಗೆ ಮತ್ತೆ ಅವಕಾಶ ಕೊಟ್ಟರೆ ಎಲ್ಲರೂ ಕೇಳುತ್ತಾರೆ” ಎಂದರು. ಫೇರ್ ಪ್ಲೇ ಎಂದು ಇಂಗ್ಲಿಷಿನಲ್ಲೂ ಹೇಳಿದರು. ಸರಿ, ರೂಲ್ ಈಸ್ ಎ ರೂಲ್. ನಾನೇ ಮಕ್ಕಳಿಗೆ ಹೇಳುತ್ತಿದ್ದ ಮಾತು ನನ್ನ ಕಿವಿಗೇ ಬಂತು.

ಡ್ರಾಫ್ಟ್ ನಡೆದದ್ದು ಉಡುಪಿಯ ಒಂದು ಹೋಟೆಲಿನ ಮಹಡಿಯ ಹಾಲಿನಲ್ಲಿ, ಒಂದು ಭಾನುವಾರ. ಕೆಳಗೆ ಮಸಾಲೆ ದೋಸೆಯ ವಾಸನೆ, ಮೇಲೆ ಆರು ಮೇಜು, ಹಿಂದೆ ಕುರ್ಚಿಗಳಲ್ಲಿ ಹುಡುಗಿಯರು. ಸರದಿಯ ಚೀಟಿಗಳನ್ನು ಸ್ಟೀಲ್ ಲೋಟದಲ್ಲಿ ಹಾಕಿ ಎತ್ತಿದರು. ಒಂದು ಆಯ್ಕೆಗೆ ಎರಡು ನಿಮಿಷ. ಎರಡು ನಿಮಿಷಕ್ಕೆ ಶಾಲೆಯ ಕೈಗಂಟೆ. ಗಂಟೆಯ ಮೊದಲು ಎರಡು ಸಹಿ ಇದ್ದ ಚೀಟಿ ಮೇಜಿಗೆ ಬರದಿದ್ದರೆ ಆ ಸರದಿ ಹೋಯಿತು. ಆ ತಂಡ ಎಲ್ಲ ಮುಗಿದ ಮೇಲೆ ಉಳಿದವರಲ್ಲಿ ಒಬ್ಬರನ್ನು ತೆಗೆದುಕೊಳ್ಳಬೇಕು.

ಒಂಬತ್ತು ಸುತ್ತು ನಾನು ಒಳ್ಳೆಯ ಕಾನ್ವೆಂಟ್ ಹುಡುಗಿಯ ಹಾಗೆ ಸಹಿ ಹಾಕಿದೆ. ಅವರು ಕರೆದವರೆಲ್ಲ ಕರೆಯತಕ್ಕವರೇ. ಪ್ರತಿ ಸಲ, “ಸರ್, ನಲವತ್ತೊಂದು?” ಎಂದೆ. ಪ್ರತಿ ಸಲ, “ನೋಡುವ ಟೀಚರ್, ನೋಡುವ” ಎಂದರು. ಹಿಂದೆ ತಿರುಗಿ ನೋಡಿದರೆ ಅವಳು ಕೊನೆಯ ಸಾಲಿನಲ್ಲಿ, ಆ ದೊಡ್ಡ ಬೂಟುಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಸ್ಸಿನಲ್ಲಿ ಯಾರದೋ ಮಗುವನ್ನು ಹಿಡಿದುಕೊಂಡವರ ಹಾಗೆ ಕುಳಿತಿದ್ದಳು.

ಹತ್ತನೇ ಸುತ್ತು. ನಮ್ಮ ಸರದಿ ಎರಡನೆಯದು. ನಮ್ಮ ನಂತರ ಕಾರ್ಕಳದ ತಂಡ. ಕೋಚ್ ಚೀಟಿಯಲ್ಲಿ ಹದಿನೇಳು ಎಂದು ಬರೆದು, ಸಹಿ ಹಾಕಿ, ನನ್ನ ಕಡೆ ಸರಿಸಿದರು.

ಹದಿನೇಳು ಅವರದೇ ಶಿಬಿರದ ಹುಡುಗಿ. ಎತ್ತರದವಳು. ಟ್ರಯಲ್ಸಿನ ದಿನ ಅವಳಿಗೆ ಜ್ವರ, ಬಂದಿರಲೇ ಇಲ್ಲ. ಆದರೂ ಶೀಟಿನಲ್ಲಿ ಅವಳ ಮುಂದೆ ಎಂಟು, ಎಂಟು, ಎಂಟು, ಒಂಬತ್ತು. ಬೇರೆಯವರು ಅವಳನ್ನು ನೋಡಿಲ್ಲ, ಯಾರೂ ಕರೆಯುವುದಿಲ್ಲ, ಕೊನೆಗೆ ಕರೆದರೆ ಸಾಕು ಎಂದು ಉಳಿಸಿಕೊಂಡಿದ್ದರು. ಜಾಣತನವೇ. ಹುಡುಗಿಯ ತಪ್ಪು ಇದರಲ್ಲಿ ಏನೂ ಇಲ್ಲ.

ನಾನು ಪೆನ್ನಿಗೆ ಕ್ಯಾಪ್ ಹಾಕಿದೆ.

“ಟೀಚರ್, ಸೈನ್.”

“ಈ ಹುಡುಗಿ ಆಡಿದ್ದನ್ನು ನಾನು ನೋಡಿಲ್ಲ ಸರ್.”

“ನಾನು ನೋಡಿದ್ದೇನಲ್ಲ.”

“ಹಾಗಾದರೆ ನೀವೇ ಎರಡು ಸಹಿ ಹಾಕಿ.”

“ತಮಾಷೆ ಬೇಡ ಟೀಚರ್, ಟೈಮ್ ಹೋಗ್ತಾ ಉಂಟು.”

“ನಲವತ್ತೊಂದು ಬರೆಯಿರಿ, ಈಗಲೇ ಹಾಕುತ್ತೇನೆ.”

“ಅವಳ ಫಸ್ಟ್ ಟಚ್ ಎರಡು! ಎರಡು, ಟೀಚರ್! ನಾಳೆ ನನಗೆ ಜನ ಎಂತ ಹೇಳಬೇಕು?”

“ಅವಳಿಗೆ ನಾಳೆ ಇಲ್ಲ ಸರ್. ಮುಂದಿನ ವರ್ಷ ಇಪ್ಪತ್ತನಾಲ್ಕು. ನಿಮಗೆ ಉಂಟು ನಾಳೆ.”

ಅವರು ದನಿ ತಗ್ಗಿಸಿದರು. “ಪ್ಲೀಸ್. ಎಲ್ಲರೂ ನೋಡ್ತಿದ್ದಾರೆ.”

ನೋಡುತ್ತಿದ್ದರು ನಿಜ. ಆಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಈ ಮನುಷ್ಯ ನಲವತ್ತೊಂದಕ್ಕೆ ಯಾವತ್ತೂ ಸಹಿ ಹಾಕುವುದಿಲ್ಲ. ನಾನು ಹದಿನೇಳಕ್ಕೆ ಹಾಕದಿದ್ದರೂ ಅವಳಿಗೆ ಏನೂ ಸಿಗುವುದಿಲ್ಲ. ನನ್ನ ತಂಡದಲ್ಲಿ ಅವಳಿಗೆ ಬಾಗಿಲು ಇಲ್ಲ. ಆದರೆ ಆ ಹಾಲಿನಲ್ಲಿ ಇದ್ದದ್ದು ನನ್ನ ತಂಡ ಒಂದೇ ಅಲ್ಲವಲ್ಲ.

ನಾನು ಎದ್ದು ನಿಂತೆ. “ಐ ವಿಲ್ ನಾಟ್ ಸೈನ್,” ಎಂದೆ. “ಟ್ರಯಲ್ಸಿಗೆ ಬಾರದ ನಂಬರ್ ಹದಿನೇಳಕ್ಕೆ ಒಂಬತ್ತು ಕೊಟ್ಟ ಕಾಗದಕ್ಕೆ ನನ್ನ ಸಹಿ ಇಲ್ಲ. ಈ ಹಾಲಿನಲ್ಲಿ ಎರಡೂ ಕಾಲಿನಲ್ಲಿ ಒಂದೇ ಶಕ್ತಿಯಿಂದ ಹೊಡೆಯುವ ಹುಡುಗಿ ಒಬ್ಬಳೇ ಇರುವುದು. ನಂಬರ್ ನಲವತ್ತೊಂದು. ಅವಳ ಫಸ್ಟ್ ಟಚ್ ಈಗ ಎರಡಲ್ಲ. ನೋಡುವ ಮನಸ್ಸಿದ್ದವರಿಗೆ ಆದಿ ಉಡುಪಿ ದೂರ ಇರಲಿಲ್ಲ.”

ಕೈಗಂಟೆ ಬಾರಿಸಿದರು.

ಮುದುಕಿ ಸಿಟ್ಟಿನಲ್ಲಿ ಬಾಯಿ ಬಿಟ್ಟಳು, ಗುಟ್ಟು ಹೊರಗೆ ಹಾಕಿದಳು, ತಂಡಕ್ಕೆ ದ್ರೋಹ ಮಾಡಿದಳು ಎಂದು ಆಮೇಲೆ ಕೆಲವರು ಹೇಳಿದರು. ಇಲ್ಲಿ ಬರೆದಿಡುತ್ತೇನೆ: ಬಾಯಿ ತಪ್ಪಿ ಬಂದದ್ದಲ್ಲ. ನನ್ನ ಗಂಟಲು ಮೂವತ್ತೆರಡು ವರ್ಷ ಮೈದಾನದ ಆಚೆ ತುದಿಗೆ ಕೇಳಿಸಿದ ಗಂಟಲು. ಪಿಸುಗುಟ್ಟಲಿಕ್ಕೂ ಅದಕ್ಕೆ ಬರುತ್ತದೆ, ಬೇಕೆಂದರೆ.

ಕಾರ್ಕಳ ತಂಡದ ಕೋಚ್ ಒಬ್ಬ ದಪ್ಪ ಮನುಷ್ಯ, ಬೆಳಗ್ಗಿನಿಂದ ನಿದ್ದೆಗಣ್ಣಿನಲ್ಲೇ ಇದ್ದವರು. ತನ್ನ ಸ್ಕೌಟಿನ ಕಡೆ ವಾಲಿ ಅವರು ಆಡಿದ ಮಾತು ನಾಲ್ಕು ಮೇಜಿಗೆ ಕೇಳಿಸಿತು. “ಈ ಪ್ರಾಯದಲ್ಲಿ ಟೀಚರ್ ಇಷ್ಟು ಜಗಳ ಮಾಡಬೇಕಾದರೆ ಅದರಲ್ಲಿ ಏನೋ ಉಂಟು ಮಾರಾಯ. ಬರಿ, ನಲವತ್ತೊಂದು.” ಟ್ರಯಲ್ಸಿನಲ್ಲೂ ಅವಳು ಆಡಿದ್ದನ್ನು ಅವರು ಕಣ್ಣೆತ್ತಿ ನೋಡಿರಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ.

ನಂತರದ ತಂಡದವರು ತಡಮಾಡದೆ ಹದಿನೇಳು ಬರೆದರು. ನಮ್ಮ ಕೋಚ್ ಅಷ್ಟು ಬಯಸಿದ್ದರೆ ಅವಳಲ್ಲೂ ಏನೋ ಇರಬೇಕಲ್ಲ. ಹಾಗೆ ನಮ್ಮ ಮೇಜಿನ ಜಗಳದಿಂದ ಎರಡು ತಂಡಗಳಿಗೆ ಇಬ್ಬರು ಹುಡುಗಿಯರು ಸಿಕ್ಕಿದರು, ನಮಗೆ ಎಲ್ಲ ಮುಗಿದ ಮೇಲೆ ಉಳಿದವರಲ್ಲಿ ಒಬ್ಬಳು. ಕೋಚ್ ಲ್ಯಾಪ್‌ಟಾಪ್ ಮುಚ್ಚಿ ನನ್ನ ಕಡೆ ನೋಡದೆ, “ಊಟಕ್ಕೆ ಟೋಕನ್ ಉಂಟು ಟೀಚರ್, ತಗೊಳ್ಳಿ” ಎಂದರು. ಅಷ್ಟು ಸಿಟ್ಟಿನಲ್ಲೂ ಟೋಕನ್ ಕೊಟ್ಟರು. ತೆಗೆದುಕೊಂಡೆ. ಪಾಯಸ ಚೆನ್ನಾಗಿತ್ತು.

ಮರುದಿನ ವಾಟ್ಸಾಪಿನಲ್ಲಿ ಒಂದು ಮೆಸೇಜ್: ಥ್ಯಾಂಕ್ ಯೂ ಫಾರ್ ಯುವರ್ ವ್ಯಾಲ್ಯುಯೆಬಲ್ ಸರ್ವಿಸ್. ಕೆಳಗೆ ಕೈಮುಗಿದ ಚಿತ್ರ. ಗ್ರೂಪಿನಿಂದ ನನ್ನನ್ನು ತೆಗೆದಿದ್ದರು. ತಂಗಿ, “ನಿನಗೆ ಬೇಕಿತ್ತಾ ಬಾಯ್?” ಎಂದಳು. ಬೇಕಿತ್ತು.

ಲೀಗ್ ಶುರುವಾದ ಮೇಲೆ ಕಾರ್ಕಳದವರೂ ನನ್ನ ಹಳೆಯ ತಂಡದವರೂ ಮಣಿಪಾಲದಲ್ಲಿ ಎದುರಾದರು. ಎರಡನೇ ಕಣ್ಣಿನದೂ ಆಪರೇಷನ್ ಆಗಿತ್ತು, ಪ್ಲಾಸ್ಟಿಕ್ ಹುಲ್ಲಿನ ಎಳೆಎಳೆಯೂ ಕಾಣುತ್ತಿತ್ತು. ನಾನು ಯಾವ ತಂಡದ ಬೆಂಚಿನಲ್ಲೂ ಕೂರಲಿಲ್ಲ. ಬೇಲಿಯ ಹೊರಗೆ ನನ್ನ ಮಡಚುವ ಕುರ್ಚಿ. ಅವಳಿಗೆ ಈ ಸಲ ಅಳತೆಯ ಬೂಟು. ಮೊದಲಾರ್ಧದಲ್ಲಿ ಎರಡು ಸಲ ಚೆಂಡು ಕಾಲಿನಿಂದ ಓಡಿತು. ನಮ್ಮ ಕೋಚ್ ಎದೆಗೆ ಕೈ ಕಟ್ಟಿ ನಿಂತಿದ್ದರು. ಪಂದ್ಯ ಮುಗಿಯಲಿಕ್ಕೆ ಸ್ವಲ್ಪ ಇರುವಾಗ ನನ್ನ ಹಳೆಯ ತಂಡದ ಗೋಲ್‌ಕೀಪರ್ ಎತ್ತರಕ್ಕೆ ಒದ್ದ ಚೆಂಡು ನೇರ ಅವಳ ಮೇಲೆ ಇಳಿಯಿತು. ಅವಳು ಎಡಗಾಲು ಎತ್ತಿದಳು, ತೆರೆಗೆ ಹಗ್ಗ ಬಿಡುವ ಹಾಗೆ ಸ್ವಲ್ಪ ಕೆಳಗೆ ತಂದಳು. ಸದ್ದಿಲ್ಲ. ಚೆಂಡು ಬೂಟಿನ ಮೇಲಿನಿಂದ ನೆಲಕ್ಕೆ ಜಾರಿ ನಿಂತಿತು. ಅದೇ ಎಡಗಾಲಿನಲ್ಲಿ ಆಚೆ ಬದಿಗೆ ಕಳಿಸಿದಳು, ಬೇರೆ ಯಾರೋ ಗೋಲ್ ಹೊಡೆದರು. ಕಾರ್ಕಳದವರು ಗೋಲ್ ಹೊಡೆದವಳನ್ನು ಎತ್ತಿಕೊಂಡು ಕುಣಿದರು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದ್ದು ಆ ಗೋಲಿಗಲ್ಲ. ನನ್ನ ಹಳೆಯ ತಂಡದ ಹುಡುಗಿಯರು ತಿರುಗಿ ನೋಡಿದರು. ನಾನು ಇನ್ನೂ ಜೋರಾಗಿ ತಟ್ಟಿದೆ.

ಅವಳಿಗೆ ವಯಸ್ಸು ದಾಟಿತು. ಒಂದೇ ವರ್ಷ ಆಡಿದಳು, ಒಂದಾದರೂ ಆಡಿದಳು. ಈ ಸಲದ ಡ್ರಾಫ್ಟಿಗೆ ಕಾರ್ಕಳದವರು ಅವಳನ್ನೇ ಸ್ಕೌಟ್ ಮಾಡಿದ್ದಾರಂತೆ. ಫೋನ್ ಮಾಡಿ, “ಟೀಚರ್, ನಮ್ಮ ಕೋಚ್ ಸೈನ್ ಹಾಕು ಅಂದರೆ ಹಾಕಬೇಕಾ?” ಎಂದು ಕೇಳಿದಳು. “ಮೊದಲು ಪೆನ್ನಿಗೆ ಕ್ಯಾಪ್ ಉಂಟಾ ನೋಡು” ಎಂದೆ. ಅವಳು ನಕ್ಕದ್ದು ಕಾಪುವಿನಿಂದ ಉಡುಪಿಗೆ ಫೋನ್ ಇಲ್ಲದೆಯೂ ಕೇಳಿಸುತ್ತಿತ್ತು.

ನಮ್ಮ ಕೋಚ್ ಮಳೆಗಾಲ ಶುರುವಾಗುವ ಮೊದಲು ಕೇರಳದ ಕಡೆ ಒಂದು ಕೆಲಸ ಸಿಕ್ಕಿ ಹೋದರು. ಅವರನ್ನು ಕೊನೆಯ ಸಲ ನೋಡಿದ್ದು ಅದಕ್ಕೂ ಮುಂಚೆ, ಮೇ ತಿಂಗಳ ಒಂದು ಭಾನುವಾರ ಬೆಳಗ್ಗೆ, ಚರ್ಚಿನಲ್ಲಿ ಪೂಜೆ ಮುಗಿಸಿ ತಂಗಿಯೂ ನಾನೂ ಮೀನಿಗೆಂದು ಕಾಪುವಿಗೆ ಹೋದಾಗ. ಅವರು ದೀಪಸ್ತಂಭದ ಕೆಳಗೆ, ಟ್ರ್ಯಾಕ್ ಪ್ಯಾಂಟು ಮೊಣಕಾಲಿಗೆ ಮಡಚಿ, ಶೂಗಳನ್ನು ಲೇಸಿನಲ್ಲಿ ಗಂಟು ಹಾಕಿ ಕುತ್ತಿಗೆಗೆ ನೇತುಹಾಕಿಕೊಂಡು, ಒದ್ದೆ ಮರಳಿನಲ್ಲಿ ನಿಂತಿದ್ದರು. ಎದುರಿಗೆ ಏಳೆಂಟು ಹುಡುಗಿಯರು ಬರಿಗಾಲಿನಲ್ಲಿ. ಕೋಚ್ ಸಾಲಾಗಿ ಇಟ್ಟಿದ್ದ ಕಿತ್ತಳೆ ಬಣ್ಣದ ಕೋನುಗಳಲ್ಲಿ ಎರಡನ್ನು ತೆರೆ ಎಳೆದುಕೊಂಡು ಹೋಗುತ್ತಿತ್ತು, ಅವರು ಅವುಗಳ ಹಿಂದೆ ಓಡುತ್ತಿದ್ದರು. ಕೋನ್ ಹಿಡಿದು ನೇರವಾದಾಗ ನಮ್ಮ ಕಾರು ಅವರಿಗೆ ಕಂಡಿತು. ಗುರುತು ಸಿಕ್ಕಿತು. ಕೈ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರು ಹುಡುಗಿಯರ ಕಡೆ ತಿರುಗಿ ಸೀಟಿ ಊದಿದರು.

“ಇಳಿದು ಮಾತಾಡುವ ಬಾಯ್, ಪಾಪ” ಎಂದಳು ತಂಗಿ.

“ಸ್ವಲ್ಪ ನಿಲ್ಲು.”

ಕಿಟಕಿಯ ಗಾಜು ಪೂರ್ತಿ ಕೆಳಗಿಳಿಸಿ ಕಣ್ಣು ಮುಚ್ಚಿದೆ. ಥಪ್. ಆಮೇಲೆ ಒಂದು ಸಡಿಲ ಸದ್ದು. ಥಪ್. ಮತ್ತೆ ಸಡಿಲ.

“ಎಡಗಾಲು ಒಬ್ಬಳಿಗೂ ಇಲ್ಲ,” ಎಂದೆ. “ನಡಿ, ಮೀನು ಮುಗಿದುಹೋಗುತ್ತದೆ.”